ಸುಗ್ಗಿಗೂ ಮುಂಗಾರಿಗೂ ನಡುವೆ: ಮೇಲುಕೋಟೆಯ ವಸಂತದಲ್ಲಿ ಸ್ವಯಂಸೇವಕರಿಗೆ ಇರುವ ಕೆಲಸ

ಸ್ವಯಂಸೇವಕರಾಗಿ ಹೆಸರು ಬರೆಸಲು ಬಂದಿರುವ ನಿಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಚೆಲುವನಾರಾಯಣಸ್ವಾಮಿಗೆ ವಜ್ರದ ಕಿರೀಟ ತೊಡಿಸಿ ಮೆರೆಸುವ ವೈರಮುಡಿಯ ಒಂದು ರಾತ್ರಿ. ಅದು ಸಹಜ. ಕೆಲವೇ ಸಾವಿರ ಜನರ ಈ ಊರಿಗೆ ಅಂದು ಲಕ್ಷಗಟ್ಟಲೆ ಭಕ್ತರು ಬರುತ್ತಾರೆ, ದೂರದರ್ಶನದವರು ಬರುತ್ತಾರೆ, ಜಿಲ್ಲೆಯ ಅಧಿಕಾರಿಗಳೆಲ್ಲ ಬೆಟ್ಟದ ಮೇಲಿರುತ್ತಾರೆ. ಆದರೆ ಆ ರಾತ್ರಿ ಕೈಗಳಿಗೆ ಕೊರತೆಯಿರುವುದಿಲ್ಲ. ಕೊರತೆಯಿರುವುದು ಅದಕ್ಕೆ ಮೊದಲಿನ ಮೂರು ವಾರಗಳಲ್ಲಿ ಮತ್ತು ಆನಂತರದ ಎರಡು ತಿಂಗಳಲ್ಲಿ. ಶಿವರಾತ್ರಿಯಿಂದ ಹಿಡಿದು ಮುಂಗಾರಿನ ಮೊದಲ ಹದಮಳೆಯವರೆಗಿನ ಇಡೀ ಅವಧಿಯನ್ನು ಒಂದೇ ಕೆಲಸದ ಋತುವಾಗಿ ನೋಡಿ, ನಿಮ್ಮ ಹೆಸರುಗಳನ್ನು ಅದರ ಉದ್ದಕ್ಕೂ ಹಂಚಿಕೊಳ್ಳಿ ಎಂದು ಕೇಳಲು ನಾನು ಬಂದಿದ್ದೇನೆ.

ನಮ್ಮ ಕಡೆಯ ಹಬ್ಬಗಳು ಯಾವ ಕಾಲಕ್ಕೆ ಬರುತ್ತವೆ ಎಂಬುದನ್ನು ಸ್ವಲ್ಪ ಗಮನಿಸಿ. ಶಿವರಾತ್ರಿಯ ಆಸುಪಾಸಿನಲ್ಲಿ ಇದೇ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ ದನಗಳ ಜಾತ್ರೆ ಕೂಡುತ್ತದೆ. ಫಾಲ್ಗುಣದಲ್ಲಿ ಇಲ್ಲಿ ಚೆಲುವನಾರಾಯಣಸ್ವಾಮಿಯ ಬ್ರಹ್ಮೋತ್ಸವ, ಅದರೊಳಗೆ ವೈರಮುಡಿ, ಮಹಾರಥೋತ್ಸವ, ಕಲ್ಯಾಣಿಯಲ್ಲಿ ತೆಪ್ಪೋತ್ಸವ. ಯುಗಾದಿಗೆ ಹೊನ್ನಾರು ಕಟ್ಟುತ್ತಾರೆ, ಅಂದರೆ ವರ್ಷದ ಮೊದಲ ಉಳುಮೆಗೆ ಪೂಜೆ ಮಾಡಿ ನೇಗಿಲು ಹೂಡುತ್ತಾರೆ. ರಾಮನವಮಿಗೆ ಬೀದಿ ಬೀದಿಯಲ್ಲಿ ಪಾನಕ, ಕೋಸಂಬರಿ. ಅದರ ಹಿಂದೆಯೇ ಸುತ್ತಿನ ಹಳ್ಳಿಗಳ ಮಾರಿಹಬ್ಬ, ಕೆಂಡ ಹಾಯುವ ಕೊಂಡ, ಬಸವ ಜಯಂತಿ, ವೈಶಾಖದಲ್ಲಿ ನರಸಿಂಹ ಜಯಂತಿ. ಇಷ್ಟೆಲ್ಲ ಈ ಮೂರು ತಿಂಗಳಲ್ಲೇ ಬಂದು ಕೂತಿರುವುದಕ್ಕೆ ಪಂಚಾಂಗದಷ್ಟೇ ಹೊಲವೂ ಕಾರಣ ಎಂದು ನಾನು ತಿಳಿದಿದ್ದೇನೆ. ರಾಗಿ, ಹುರುಳಿ ಕಣದಿಂದ ಮನೆ ಸೇರಿರುತ್ತವೆ, ಎತ್ತುಗಳಿಗೆ ನೊಗವಿರುವುದಿಲ್ಲ, ಕೈಯಲ್ಲಿ ಒಂದಿಷ್ಟು ದುಡ್ಡು ಓಡಾಡುತ್ತಿರುತ್ತದೆ. ಅಶ್ವಿನಿ, ಭರಣಿ ಮಳೆ ಬಿದ್ದು ಎಳ್ಳು, ಅಲಸಂದೆ ಬಿತ್ತನೆಗೆ ಇಳಿಯುವವರೆಗೆ ಬೇಸಾಯಗಾರನಿಗೆ ಬಿಡುವು. ತೇರಿನ ಹಗ್ಗ ಹೊಸೆಯುವುದು, ಚಪ್ಪರ ಹಾಕುವುದು, ಅರವಟ್ಟಿಗೆಗೆ ನೀರು ತುಂಬುವುದು, ಬತ್ತಿದ ಕೆರೆಯ ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಸಾಗಿಸುವುದು ಎಲ್ಲವೂ ಈ ಬಿಡುವನ್ನು ನಂಬಿಕೊಂಡು ನಡೆಯುತ್ತಿದ್ದವು. ಅದಕ್ಕೆ ಯಾರೂ ಹೆಸರು ಬರೆಸಬೇಕಾಗಿರಲಿಲ್ಲ. ಯಾವ ಮನೆಯವರು ಯಾವ ಕೆಲಸಕ್ಕೆ ಎಂಬುದು ಮೊದಲೇ ಗೊತ್ತಿತ್ತು, ವಂತಿಗೆ ಎಷ್ಟು ಎಂಬುದೂ ಗೊತ್ತಿತ್ತು.

ಹಳೆಯದನ್ನು ಹೊಗಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಆ ಏರ್ಪಾಟಿನಲ್ಲಿ ಯಾರು ಯಾವ ಕೆಲಸ ಮಾಡಬೇಕು ಎಂಬುದನ್ನು ಹುಟ್ಟು ನಿರ್ಧರಿಸುತ್ತಿತ್ತು; ಕೆಲವರಿಗೆ ಗೌರವದ ಕೆಲಸ, ಕೆಲವರಿಗೆ ಕಸ ಬಳಿಯುವ, ತಮಟೆ ಬಡಿಯುವ ಕೆಲಸ. ಸಮಾಜ ಅಸ್ಪೃಶ್ಯರೆಂದು ದೂರವಿಟ್ಟಿದ್ದವರನ್ನು ರಾಮಾನುಜಾಚಾರ್ಯರು ತಿರುಕುಲದವರು, ಅಂದರೆ ಪವಿತ್ರ ಕುಲದವರು, ಎಂದು ಕರೆದರು, ರಥೋತ್ಸವದ ಕಾಲದಲ್ಲಿ ಕೆಲವು ದಿನ ಅವರಿಗೆ ದೇಗುಲ ಪ್ರವೇಶದ ಹಕ್ಕು ಕೊಟ್ಟರು ಎಂಬ ಐತಿಹ್ಯ ಇದೇ ಊರಿನದು. ಅಂಥ ನೆನಪಿರುವ ಊರಿನಲ್ಲಿ ಇಂದಿನ ಸ್ವಯಂಸೇವಕರ ಪಟ್ಟಿ ಅಡುಗೆಮನೆಯಿಂದ ಹಿಡಿದು ಕಲ್ಯಾಣಿಯವರೆಗೆ ಯಾವ ಕೆಲಸಕ್ಕೆ ಬೇಕಾದರೂ ಯಾರಿಗೆ ಬೇಕಾದರೂ ತೆರೆದಿರಬೇಕು. ಕಸದ ಪಾಳಿಗೆ ಒಂದು ಕೇರಿಯವರು, ನೀರಿನ ಪಾಳಿಗೆ ಇನ್ನೊಂದು ಕೇರಿಯವರು ಎಂದು ಪಟ್ಟಿ ತಾನಾಗಿಯೇ ಬೇರ್ಪಡುವುದನ್ನು ನಾನು ಬೇರೆ ಊರುಗಳಲ್ಲಿ ಕಂಡಿದ್ದೇನೆ. ಪಾಳಿ ಹಾಕುವವರು ಎಚ್ಚರದಿಂದ ಬೆರೆಸದಿದ್ದರೆ ಅದು ಹಾಗೆಯೇ ಆಗುತ್ತದೆ.

ಇನ್ನು, ಆ ಬಿಡುವು ಈಗ ಉಳಿದಿದೆಯೇ ಎಂಬ ಪ್ರಶ್ನೆ. ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಮಂಡ್ಯ ಜಿಲ್ಲೆಯ ಬಯಲಿನಲ್ಲಿ ಬತ್ತ, ಕಬ್ಬು ಬಂದವು. ಕಬ್ಬಿಗೆ ಸುಗ್ಗಿಯೆಂಬ ಒಂದು ಹೊತ್ತಿಲ್ಲ. ಕಾರ್ಖಾನೆಯಿಂದ ಕಟಾವಿನ ಅನುಮತಿ ಬಂದ ದಿನವೇ ಸುಗ್ಗಿ. ಬೆಟ್ಟದ ಸುತ್ತಲಿನ ಮಳೆಯಾಶ್ರಿತ ಹೊಲಗಳಲ್ಲಿ ಬಿಡುವು ಇನ್ನೂ ಇದೆ, ಆದರೆ ಅಲ್ಲಿನ ಹುಡುಗರು ಬೆಂಗಳೂರು, ಮೈಸೂರಿನಲ್ಲಿದ್ದಾರೆ. ಹೆಣ್ಣುಮಕ್ಕಳನ್ನು ಗಾರ್ಮೆಂಟ್ಸ್ ಬಸ್ಸು ಬೆಳಗಾಗುವ ಮೊದಲೇ ಕರೆದೊಯ್ಯುತ್ತದೆ. ಅಂದರೆ ಎಲ್ಲರಿಗೂ ಒಟ್ಟಿಗೆ ಬಿಡುವಿದ್ದ ಕಾಲ ಹೋಗಿ, ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಬಿಡುವಿರುವ ಕಾಲ ಬಂದಿದೆ. ಹೀಗಿರುವಾಗ ‘ಹಬ್ಬಕ್ಕೆ ಎಲ್ಲರೂ ಬನ್ನಿ’ ಎಂದು ಸಾರಿಸಿದರೆ ಹಬ್ಬದ ರಾತ್ರಿಗೆ ಎಲ್ಲರೂ ಬರುತ್ತಾರೆ, ಮಾರನೆಯ ಬೆಳಿಗ್ಗೆ ಪೊರಕೆ ಹಿಡಿಯಲು ಯಾರೂ ಇರುವುದಿಲ್ಲ. ಆದ್ದರಿಂದ ಹೆಸರಿನ ಮುಂದೆ ಊರು, ಫೋನ್ ನಂಬರು ಬರೆದರೆ ಸಾಲದು. ವಾರದ ಯಾವ ದಿನ, ಯಾವ ಹೊತ್ತು, ಎಷ್ಟು ಗಂಟೆ ಎಂಬುದನ್ನೂ ಬರೆಯಿರಿ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಮಾತ್ರ ಬರಬಲ್ಲೆ ಎನ್ನುವವರು ಸಂಕೋಚಪಡಬೇಕಾಗಿಲ್ಲ. ನಮಗೆ ಹೆಚ್ಚು ಬೇಕಾದವರು ಅವರೇ.

ಈಗ ವೈರಮುಡಿಯ ವಿಚಾರಕ್ಕೆ ಬರುತ್ತೇನೆ. ವಜ್ರಖಚಿತ ಕಿರೀಟವನ್ನು ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸ್ ಬಂದೋಬಸ್ತಿನಲ್ಲಿ ತರುವುದು, ದಾರಿಯುದ್ದಕ್ಕೂ ಹಳ್ಳಿಯವರು ತಳಿರು ಕಟ್ಟಿ ಪೂಜೆ ಸಲ್ಲಿಸುವುದು, ಸಂಜೆಯ ಹೊತ್ತಿಗೆ ಅದು ಬೆಟ್ಟ ಸೇರುವುದು, ಹಗಲ ಬೆಳಕು ಅದಕ್ಕೆ ಸೋಕಬಾರದೆಂಬ ನಂಬಿಕೆಯಂತೆ ರಾತ್ರಿಯಲ್ಲೇ ಗರುಡವಾಹನದ ಮೇಲೆ ಚೆಲುವನಾರಾಯಣನ ಮೆರವಣಿಗೆ ನಡೆಯುವುದು ನಿಮಗೆಲ್ಲ ಗೊತ್ತಿರುವ ಸಂಗತಿ. ಈ ಕ್ರಮದಿಂದ ಸ್ವಯಂಸೇವಕರಿಗೆ ಹುಟ್ಟುವ ಕೆಲಸ ಏನು ಎಂಬುದು ನಮಗೆ ಮುಖ್ಯ. ಕಿರೀಟ ಬರುವ ದಾರಿಯೇ ಜನ ಬರುವ ದಾರಿ. ಮಧ್ಯಾಹ್ನದ ಬಿಸಿಲಿನಲ್ಲಿಯೇ ಪಾಂಡವಪುರ, ಜಕ್ಕನಹಳ್ಳಿಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವವರು ಇರುತ್ತಾರೆ, ರಾತ್ರಿಯಿಡೀ ಬೀದಿಯಲ್ಲಿ ಕುಳಿತಿರುವವರು ಇರುತ್ತಾರೆ, ಬೆಳಗಿನ ಜಾವ ಎಲ್ಲರೂ ಒಮ್ಮೆಲೇ ಬಸ್ಸಿನ ಕಡೆಗೆ ಇಳಿಯುತ್ತಾರೆ. ಅಂದರೆ ಮಧ್ಯಾಹ್ನ ನೀರು, ರಾತ್ರಿ ಶೌಚಾಲಯದ ದಾರಿ ತೋರಿಸುವವರು, ಬೆಳಗಿನ ಜಾವ ಬಸ್ಸಿನ ಮಾಹಿತಿ ಹೇಳುವವರು. ಎಲ್ಲರೂ ರಾಜಬೀದಿಯಲ್ಲೇ ನಿಂತಿದ್ದರೆ ಈ ಮೂರರಲ್ಲಿ ಒಂದೂ ಆಗುವುದಿಲ್ಲ.

ಜನಸಂದಣಿಯ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅದು ರಾಜಧಾನಿಯ ನಟ್ಟನಡುವೆ, ಅಗಲವಾದ ರಸ್ತೆಗಳಿರುವ ಜಾಗದಲ್ಲಿ ಆದದ್ದು. ನಮ್ಮ ಬೀದಿಗಳು ಎಷ್ಟು ಕಿರಿದು ಎಂಬುದನ್ನು ನೀವು ಬಲ್ಲಿರಿ. ಹಗ್ಗ ಹಿಡಿದು ಜನರನ್ನು ತಡೆಯುವುದು ಪೊಲೀಸರ ಕೆಲಸ. ತರಬೇತಿಯಿಲ್ಲದ ಹುಡುಗರು ಅದಕ್ಕೆ ಕೈಹಾಕಬಾರದು. ಸ್ವಯಂಸೇವಕರು ಮಾಡಬೇಕಾದದ್ದು ಅಡ್ಡಬೀದಿಗಳನ್ನು ಖಾಲಿ ಇಡುವುದು. ಅಲ್ಲಿ ಬೈಕು ನಿಲ್ಲದಂತೆ, ಅಂಗಡಿ ಹರಡದಂತೆ, ಉಸಿರು ಕಟ್ಟಿದವರು ಪಕ್ಕಕ್ಕೆ ಸರಿದು ಹೊರಬೀಳುವಂತೆ ನೋಡಿಕೊಳ್ಳುವುದು. ಕಣ್ಣಿಗೆ ಬೀಳದ ಕೆಲಸ ಇದು, ಅಡ್ಡಬೀದಿಯಲ್ಲಿ ನಿಂತವರಿಗೆ ಉತ್ಸವವೇ ಕಾಣಿಸುವುದಿಲ್ಲ. ಆದ್ದರಿಂದ ಆ ಪಾಳಿ ಎರಡು ಗಂಟೆಗೊಮ್ಮೆ ಬದಲಾಗಬೇಕು. ರಥದ ದಿನವೂ ಇದೇ ಮಾತು. ಚಕ್ರಕ್ಕೆ ಮರದ ತಡೆ ಕೊಡುವವರು ಆ ಕೆಲಸವನ್ನು ವರ್ಷಗಳಿಂದ ಬಲ್ಲವರಾಗಿರಬೇಕು. ಹಣ್ಣು-ಜವನ ಎಸೆಯುವ ಉತ್ಸಾಹದಲ್ಲಿ ಚಕ್ರದ ಹತ್ತಿರ ನುಗ್ಗುವ ಮಕ್ಕಳನ್ನು ಹಿಂದಕ್ಕೆ ಕರೆಯುವವರು ನೀವಾಗಿರಬೇಕು.

ಊಟದ ವಿಚಾರ. ಮೇಲುಕೋಟೆಗೆ ಬಂದವರು ಪುಳಿಯೋಗರೆ, ಸಕ್ಕರೆ ಪೊಂಗಲ್ ತಿನ್ನದೆ ಹೋಗುವುದಿಲ್ಲ, ಅದು ಊರಿನ ಕೀರ್ತಿ. ಹುಳಿಯ ಗೊಜ್ಜು ಬೆರೆತ ಅನ್ನ ಬೇಗ ಕೆಡುವುದಿಲ್ಲ ಎಂಬ ಧೈರ್ಯ ನಮ್ಮ ಹಿರಿಯರದು. ಆದರೆ ಈಗ ಭಕ್ತರು ಹಂಚುವ ಅನ್ನದಾನದಲ್ಲಿ ಮೊಸರನ್ನ, ಪಲಾವು, ಚಟ್ನಿ ಎಲ್ಲ ಇರುತ್ತವೆ, ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅವು ಎಷ್ಟು ಹೊತ್ತು ಉಳಿದಾವು? ಅಡುಗೆ ಇಳಿಸಿದ ಹೊತ್ತನ್ನು ಪಾತ್ರೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಲು ಒಬ್ಬರು, ಅಡುಗೆಯ ಜಾಗಕ್ಕೆ ಯಾರು ಬಂದರು ಯಾರು ಹೋದರು ಎಂದು ನೋಡಲು ಒಬ್ಬರು ಇರಲೇಬೇಕು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತದ್ದನ್ನು ಈ ಭಾಗದವರು ಮರೆಯುವಂತಿಲ್ಲ. ಅದು ದುರುದ್ದೇಶದಿಂದ ನಡೆದದ್ದು, ಎಲ್ಲ ಊರಿನಲ್ಲೂ ಅಂಥದು ಆಗುತ್ತದೆಂದು ನಾನು ಹೇಳುತ್ತಿಲ್ಲ. ಆದರೂ ಸಾವಿರಾರು ಜನ ಉಣ್ಣುವ ಅಡುಗೆಗೆ ಕಾವಲು ಬೇಕು.

ಕಸದ ಬಗ್ಗೆ ಭಾಷಣ ಮಾಡುವವರು ಬಹಳ ಇದ್ದಾರೆ, ನಾನು ಕಾನೂನನ್ನಷ್ಟೇ ನೆನಪಿಸುತ್ತೇನೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ನಡೆಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದೂ, ಕಸವನ್ನು ಅಲ್ಲಿಯೇ ಬೇರ್ಪಡಿಸಿ ಒಪ್ಪಿಸಬೇಕೆಂದೂ ಹೇಳಿದವು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧವಿದೆ. ಅನ್ನದಾನ ಮಾಡುವ ಪುಣ್ಯವಂತರಿಗೆ ಉತ್ಸವದ ದಿನ ಇದನ್ನು ಹೇಳಿದರೆ ಜಗಳವಾಗುತ್ತದೆ. ಮೂರು ವಾರ ಮೊದಲು ಅವರ ಮನೆಗೆ ಹೋಗಿ, ಅಡಿಕೆ ಹಾಳೆಯ ತಟ್ಟೆ, ಮುತ್ತುಗದ ಎಲೆ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂದು ಹೇಳಿ ಬಂದರೆ ಕೇಳುತ್ತಾರೆ. ನಾನು ಮೊದಲಿನ ಮೂರು ವಾರ ಎಂದದ್ದು ಇಂಥ ಕೆಲಸಕ್ಕೆ.

ನಡುವೆ ಇನ್ನೊಂದು ವಿಷಯ, ಇದು ಜಾತ್ರೆಗೆ ಸೇರದ್ದೆಂದು ನಿಮಗೆ ಅನ್ನಿಸಬಹುದು. ಮಾರ್ಚ್ ತಿಂಗಳು ಪರೀಕ್ಷೆಯ ತಿಂಗಳು. ಪಿಯುಸಿ, ಎಸ್ಸೆಸ್ಸೆಲ್ಸಿ ಮಕ್ಕಳು ಓದುತ್ತಿರುವ ಮನೆಗಳ ಮುಂದೆಯೇ ನಮ್ಮ ಹಬ್ಬದ ಧ್ವನಿವರ್ಧಕಗಳು ಕೂಗುತ್ತಿರುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ವೈರಮುಡಿಯ ಒಂದು ರಾತ್ರಿಯ ಮಾತನ್ನು ನಾನು ಎತ್ತುವುದಿಲ್ಲ. ಆದರೆ ಹಳ್ಳಿ ಹಬ್ಬಗಳ ಆರ್ಕೆಸ್ಟ್ರಾ ಮಧ್ಯರಾತ್ರಿ ದಾಟಬೇಕೇ? ಯಾವ ಬೀದಿಯಲ್ಲಿ ಯಾರ ಮನೆಯ ಮಗು ಪರೀಕ್ಷೆಗೆ ಕೂತಿದೆ ಎಂಬುದು ಊರಿನವರಿಗೆ ಗೊತ್ತಿರುತ್ತದೆ. ಆ ಬೀದಿಯ ಕಂಬದಿಂದ ಸ್ಪೀಕರ್ ತೆಗೆಸುವ ಒಬ್ಬ ಹಿರಿಯರು ಸಮಿತಿಯಲ್ಲಿದ್ದರೆ ಅದೂ ದೊಡ್ಡ ಸೇವೆ. ಇದೇ ಕಾರಣಕ್ಕೆ ಹತ್ತನೆಯ ತರಗತಿಯ ಮಕ್ಕಳನ್ನು ಮಾರ್ಚಿನಲ್ಲಿ ಸ್ವಯಂಸೇವಕರಾಗಿ ಕರೆಯಬೇಡಿ. ಅವರ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿದೆ.

ಆ ಎರಡು ತಿಂಗಳ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ನೀರಿನ ಕೆಲಸ. ಮೇಲುಕೋಟೆ ಕೊಳಗಳ ಊರು. ಮಂಟಪಗಳ ಸಾಲಿನ ನಡುವೆ ಇರುವ ಕಲ್ಯಾಣಿ ಸಿನಿಮಾಗಳಲ್ಲಿ ಬಂದು ಹೆಸರಾಗಿದೆ, ಅಕ್ಕ-ತಂಗಿ ಕೊಳಗಳಿವೆ, ಹೆಸರು ಮರೆತುಹೋದ ಚಿಕ್ಕಪುಟ್ಟ ಕೊಳಗಳು ಬೆಟ್ಟದ ಸೆರಗಿನಲ್ಲಿ ಇನ್ನೂ ಇವೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಒಂದರಿಂದ ಇನ್ನೊಂದಕ್ಕೆ ಇಳಿಸಿ ಹಿಡಿದಿಡುವ ಉಪಾಯ ಇಲ್ಲದಿದ್ದರೆ ಇಷ್ಟು ಎತ್ತರದಲ್ಲಿ ಒಂದು ಊರು ಶತಮಾನಗಳ ಕಾಲ ಬಾಳುತ್ತಿರಲಿಲ್ಲ. ಉತ್ಸವದ ಸ್ನಾನ ಮುಗಿದ ಮೇಲೆ ಕೊಳದಲ್ಲಿ ಉಳಿಯುವುದು ಬಿಟ್ಟ ಬಟ್ಟೆ, ಶಾಂಪೂ ಪೊಟ್ಟಣ, ಹೂವಿನ ಹಾರ. ಇವನ್ನು ವಾರದೊಳಗೆ ಎತ್ತದಿದ್ದರೆ ತಳಕ್ಕೆ ಹೋಗಿ ಹೂಳಿನಲ್ಲಿ ಸೇರಿಕೊಳ್ಳುತ್ತವೆ, ಆಮೇಲೆ ಎತ್ತುವುದು ಹತ್ತುಪಟ್ಟು ಕಷ್ಟ. ನೀರು ಇಳಿದಾಗ ಕಾಣುವ ಮೆಟ್ಟಿಲುಗಳ ಸಂದಿಯಲ್ಲಿ ಬೇರು ಬಿಟ್ಟ ಅರಳಿ, ಆಲದ ಸಸಿಗಳನ್ನು ಕೀಳುವುದಕ್ಕೂ ಇದೇ ಕಾಲ. ಕಲ್ಲು ಅಲುಗಾಡುತ್ತಿದ್ದರೆ ಮುಟ್ಟಬೇಡಿ, ಗುರುತು ಹಾಕಿ ಸಂಬಂಧಪಟ್ಟ ಇಲಾಖೆಗೆ ತಿಳಿಸಿ. ಉತ್ಸಾಹದಲ್ಲಿ ಸಿಮೆಂಟು ಮೆತ್ತುವ ಭಕ್ತರಿಂದ ಹಳೆಯ ಕೊಳಗಳಿಗೆ ಆಗಿರುವ ಹಾನಿ ಕಡಿಮೆಯದಲ್ಲ.

ಕೆರೆಯ ಕೆಲಸ ಬೇರೆ ತೆರನದು. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ, ಅವುಗಳಲ್ಲಿ ಹೂಳಿಲ್ಲದ ಕೆರೆ ಹುಡುಕುವುದು ಕಷ್ಟ. ಏಪ್ರಿಲ್ ಬಂದರೆ ಸಣ್ಣ ಕೆರೆಗಳ ಅಂಗಳ ಬಿರುಕು ಬಿಟ್ಟಿರುತ್ತದೆ. ಈ ಗೋಡು ಹೊಲಕ್ಕೆ ಒಳ್ಳೆಯದೆಂದು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಷ್ಟ ಬರುವುದು ಜೆಸಿಬಿ ಕೆರೆಗೆ ಇಳಿದ ಮೇಲೆ. ಪಂಚಾಯಿತಿಯ ಅನುಮತಿಯಿಲ್ಲದೆ, ಅಳತೆಯಿಲ್ಲದೆ ತೋಡಿದರೆ ಏರಿಯ ಬುಡ ಸಡಿಲವಾಗುತ್ತದೆ, ತೂಬಿನ ಮಟ್ಟಕ್ಕಿಂತ ಆಳದ ಗುಂಡಿಗಳಾಗುತ್ತವೆ, ಮಳೆಗಾಲದಲ್ಲಿ ಈಜಲು ಹೋದ ಮಕ್ಕಳು ಆ ಗುಂಡಿಗಳಲ್ಲಿಯೇ ಮುಳುಗುತ್ತಾರೆ. ಹೂಳು ಇಟ್ಟಿಗೆ ಗೂಡಿಗೆ ಹೋಗುವುದೂ ಉಂಟು. ಆದ್ದರಿಂದ ಕೆರೆಯಲ್ಲಿ ಸ್ವಯಂಸೇವಕರ ಕೆಲಸ ಗುದ್ದಲಿಗಿಂತ ಪುಸ್ತಕದ್ದು: ಎಲ್ಲಿಂದ ತೆಗೆದರು, ಎಷ್ಟು ಆಳ, ಎಷ್ಟು ಟ್ರ್ಯಾಕ್ಟರ್, ಯಾರ ಹೊಲಕ್ಕೆ ಎಂದು ಬರೆದಿಡುವುದು. ಲೆಕ್ಕ ಬರೆಯುವ ಇಬ್ಬರು ಏರಿಯ ಮೇಲೆ ಕುಳಿತಿದ್ದಾರೆಂದರೆ ಅರ್ಧ ಅಕ್ರಮ ಅಲ್ಲಿಗೇ ನಿಲ್ಲುತ್ತದೆ.

ಕೂಲಿಯ ಪ್ರಶ್ನೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೂಳೆತ್ತುವುದು, ಕಾಲುವೆ ತೋಡುವುದು ಸರ್ಕಾರದ ಉದ್ಯೋಗ ಖಾತರಿ ಯೋಜನೆಯಲ್ಲಿ ಬಡವರಿಗೆ ಬೇಸಿಗೆಯಲ್ಲಿ ಕೂಲಿ ತಂದುಕೊಟ್ಟ ಕೆಲಸಗಳು. ಅದೇ ಕೆಲಸವನ್ನು ಪಟ್ಟಣದಿಂದ ಬಂದ ನಾವು ಪುಕ್ಕಟೆ ಮಾಡಿ, ಫೋಟೊ ತೆಗೆಸಿಕೊಂಡು, ಕೆಲಸ ಮುಗಿದಿದೆ ಎಂದು ಪಂಚಾಯಿತಿಯಿಂದ ಬರೆಸಿದರೆ ಯಾರದೋ ಅನ್ನ ಕಿತ್ತುಕೊಂಡಂತೆ. ಕೂಲಿ ಸಿಗಬಹುದಾದ ಕೆಲಸಕ್ಕೆ ಸ್ವಯಂಸೇವಕರು ಅರ್ಜಿ ಬರೆದುಕೊಡಲಿ, ಕೆಲಸದ ದಿನಗಳನ್ನು ಎಣಿಸಲು ನೆರವಾಗಲಿ. ಕೂಲಿಯ ಪಟ್ಟಿಗೆ ಬಾರದ ಕೆಲಸಕ್ಕೆ ತಾವೇ ಕೈಹಾಕಲಿ.

ಒಬ್ಬ ವ್ಯಕ್ತಿಯ ಮಾತು ಇಲ್ಲಿ ಬರಬೇಕು. ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆ ನೀರಿಲ್ಲವೆಂದು ಒಂದೊಂದಾಗಿ ಕಟ್ಟೆಗಳನ್ನು ತೋಡುತ್ತ ಹೋದರು, ಸ್ವಂತ ದುಡ್ಡನ್ನೂ ಅದಕ್ಕೇ ಹಾಕಿದರು. 2020ರಲ್ಲಿ ಪ್ರಧಾನಿಯವರು ತಮ್ಮ ರೇಡಿಯೊ ಭಾಷಣದಲ್ಲಿ ಅವರ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. 2022ರಲ್ಲಿ ಅವರು ತೀರಿಕೊಂಡರು. ಅವರನ್ನು ಹೊಗಳಿ ಸುಮ್ಮನಾಗುವುದು ಸುಲಭ. ಅಂಥ ಒಬ್ಬರು ಹುಟ್ಟಿಬರಲಿ ಎಂದು ಯಾವ ಊರೂ ಕಾಯುತ್ತ ಕೂರಲಾಗದು, ಒಬ್ಬರು ತೋಡಿಟ್ಟ ಕಟ್ಟೆಯೂ ಪ್ರತಿ ಬೇಸಿಗೆಯಲ್ಲಿ ಹೂಳು ತೆಗೆಯುವವರನ್ನು ಬೇಡುತ್ತದೆ.

ಕಾಡಿನ ಕೆಲಸವೂ ಇದೇ ಕಾಲದ್ದು. ಈ ಬೆಟ್ಟದ ಸುತ್ತ ಸುಮಾರು 50 ಚದರ ಕಿಲೋಮೀಟರಿನ ವನ್ಯಧಾಮವಿದೆ, 1974ರಲ್ಲಿ ಘೋಷಣೆಯಾದದ್ದು, ತೋಳಗಳಿಗೆ ಹೆಸರಾದದ್ದು. ತೇರಿಗೆ ಬಂದವರಿಗೆ ಅದು ಬರೀ ಕುರುಚಲು ಗುಡ್ಡ. ಒಣಗಿದ ಹುಲ್ಲಿಗೆ ಬೀಡಿಯ ಒಂದು ತುಂಡು ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಬಿದ್ದಾಗ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು, ಆರಿಸಲು ಊರೂರುಗಳಿಂದ ಜನ ಓಡಿದರು. ಬೆಂಕಿಗೆ ಎದುರಾಗುವುದು ಅರಣ್ಯ ಇಲಾಖೆಯ ತರಬೇತಾದವರ ಕೆಲಸ. ನಮ್ಮಿಂದ ಆಗುವುದು ಬೆಟ್ಟದ ದಾರಿಗಳಲ್ಲಿ ಅಡುಗೆಗೆ ಒಲೆ ಹೂಡುವವರನ್ನು ನಯವಾಗಿ ಕೆಳಗೆ ಕಳಿಸುವುದು, ಹೊಗೆ ಕಂಡೊಡನೆ ಫೋನ್ ಮಾಡುವುದು. ಮೇ ತಿಂಗಳ ಹೊತ್ತಿಗೆ ಹೊಂಗೆಯ ಕಾಯಿ ಉದುರಿರುತ್ತದೆ, ಮಕ್ಕಳಿಂದ ಆರಿಸಿ ಪಾತಿಗೆ ಹಾಕಿಸಬಹುದು.

ಮಕ್ಕಳ ಮಾತು ಬಂದದ್ದರಿಂದ ಗ್ರಂಥಾಲಯವನ್ನೂ ಹೇಳಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು, ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. ರಜೆಯಲ್ಲಿ ಅಲ್ಲಿ ಶಿಬಿರ ನಡೆಸಲು ಚಿತ್ರಕಲಾವಿದರೇ ಬೇಕೆಂದಿಲ್ಲ. ಕಥೆ ಓದಿ ಹೇಳಬಲ್ಲ ಒಬ್ಬ ನಿವೃತ್ತ ಶಿಕ್ಷಕಿ, ಹಗ್ಗ ಹೊಸೆಯಲು ಬಲ್ಲ ಒಬ್ಬ ತಾತ, ವಾರಕ್ಕೆರಡು ಮಧ್ಯಾಹ್ನ ಬಂದರೆ ಸಾಕು. ಕಾಲೇಜಿನವರಿಗೆ ರಾಷ್ಟ್ರೀಯ ಸೇವಾ ಯೋಜನೆಯ ದಾರಿಯಿದೆ. 1969ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯ ಸೇವೆ ಮಾಡಬೇಕು, ಏಳು ದಿನದ ವಿಶೇಷ ಶಿಬಿರವೂ ಉಂಟು. ಆ ಏಳು ದಿನಗಳು ಉತ್ಸವದ ಹಿಂದಿನ ವಾರದಲ್ಲೇ ಬೀಳಬೇಕಾಗಿಲ್ಲ, ತೇರು ಮುಗಿದ ಮೇಲಿನ ವಾರದಲ್ಲಿ ಹಾಕಿಕೊಳ್ಳಿ ಎಂದು ಕಾಲೇಜುಗಳನ್ನು ಕೇಳುತ್ತೇನೆ. ಕಾಲೇಜು ಮುಚ್ಚಿದ ಬೇಸಿಗೆಯಲ್ಲಿ ರಕ್ತನಿಧಿಗಳಿಗೂ ರಕ್ತ ಕಡಿಮೆಯಾಗುತ್ತದೆ. 18 ವರ್ಷ ತುಂಬಿ, ತೂಕ 45 ಕಿಲೋ ದಾಟಿ, ಆರೋಗ್ಯವಾಗಿರುವವರು ಅದಕ್ಕೊಂದು ಬೆಳಿಗ್ಗೆ ಕೊಡಬಹುದು.

ಸಭೆಯಿಂದ ಬಂದ ಚೀಟಿಯಲ್ಲಿ, ಸ್ವಯಂಸೇವಕರಿಗೆ ಟೀ ಶರ್ಟು, ಪ್ರಮಾಣಪತ್ರ ಕೊಡುತ್ತೀರಾ ಎಂದು ಕೇಳಿದ್ದಾರೆ. ಪ್ರಮಾಣಪತ್ರ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರುತ್ತದೆ, ಗಂಟೆಗಳ ಲೆಕ್ಕದೊಂದಿಗೆ ಕೊಡೋಣ. ಜನರು ಗುರುತು ಹಿಡಿಯಲು ಕುತ್ತಿಗೆಗೆ ಒಂದು ಹಳದಿ ವಸ್ತ್ರ ಸಾಕು, ದಾನಿಗಳ ಹೆಸರು ಅಚ್ಚು ಹಾಕಿದ ಟೀ ಶರ್ಟು ಬೇಡ. ಅದೇ ಹಣದಲ್ಲಿ ದಪ್ಪ ಕೈಗವಸು, ಗಂಬೂಟು, ಉದ್ದ ಹಿಡಿಯ ಬಲೆ ಕೊಳ್ಳಬಹುದು. ಕೊಳದ ತಳದಲ್ಲಿ ಒಡೆದ ಗಾಜು ಇರುತ್ತದೆ, ಬರಿಗಾಲಿನಲ್ಲಿ ಯಾರನ್ನೂ ಇಳಿಸುವುದಿಲ್ಲ. ಕಲ್ಯಾಣಿಯ ಪಾಳಿಗೆ ಹೆಸರು ಕೊಡುವವರು ಬಿಡುವಿನ ಹೊತ್ತಿನ ಜೊತೆಗೆ ಕಾಲಿನ ಅಳತೆಯನ್ನೂ ಬರೆಸಿ ಹೋಗಿ.